ಶ್ರವಣಸ್ವತ್ವ ನಿರ್ಣಯ

ಗ್ರಂಥದ ಮೊದಲಿಗೆ ಮಂಗಳಶ್ಲೋಕ ಇರಬೇಕೆಂಬುದು ಶಿಷ್ಟಾಚಾರ. ಪ್ರಸ್ತುತ ಶಾಸ್ತ್ರದ ಸಂಪ್ರದಾಯ ಬೇರೆ: ಮೊದಲು ಜಾಹೀರಾತು, ಆಮೇಲೆ ಗಣಪತಿ. ಓದುಗರು ಒಂದು ಟೂತ್‌ಪೇಸ್ಟಿನ ಗುಣಗಾನವನ್ನು ಮೂವತ್ತು ಸೆಕೆಂಡು ಕೇಳಿ ಮುಗಿಸಿದರೆಂದು ಭಾವಿಸಿ ಮುಂದುವರಿಯುತ್ತೇನೆ.

ಶಾಸ್ತ್ರಕ್ಕೆ ಅನುಬಂಧ ನಾಲ್ಕು. ವಿಷಯ: ಧಾರವಾಡ ಸೀಮೆಯಲ್ಲಿ ಹುಟ್ಟಿ ಪುಣೆಯ ಕೋಥರೂಡಿನಲ್ಲಿ ಸಾಲದ ಫ್ಲ್ಯಾಟು ಮಾಡಿಕೊಂಡಿರುವ, ಐವತ್ತು ದಾಟಿದ ಗೃಹಸ್ಥನೊಬ್ಬನು ಹಾಡನ್ನು ತಿಂಗಳ ಬಾಡಿಗೆಗೆ ಕೇಳಬೇಕೋ, ಕೊಂಡು ಇಟ್ಟುಕೊಂಡು ಕೇಳಬೇಕೋ ಎಂಬುದು. ಪ್ರಯೋಜನ: ಅಟ್ಟ ಖಾಲಿಯಾಗುವುದು. ಸಂಬಂಧ: ಆ ಅಟ್ಟದ ಮೇಲಿರುವ ಕಬ್ಬಿಣದ ಟ್ರಂಕು. ಅಧಿಕಾರಿ, ಅಂದರೆ ಈ ಗ್ರಂಥವನ್ನು ಓದಲು ಅರ್ಹನಾದವನು: ಕ್ಯಾಸೆಟ್ಟಿನ ಹಲ್ಲಿಗೆ ಪೆನ್ಸಿಲ್ ತೂರಿಸಿ ಒಮ್ಮೆಯಾದರೂ ತಿರುಗಿಸಿದವನು. ಉಳಿದವರು ಓದಬಹುದು, ಫಲವಿಲ್ಲ.

ಪೂರ್ವಪಕ್ಷವನ್ನು ಹೂಡಿದವಳು ನನ್ನ ಮಗಳು. ಸ್ಪಾಟಿಫೈ 2019ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ ತಿಂಗಳಿಗೆ ಕೇಳಿದ್ದು 119 ರೂಪಾಯಿ. ಆಮೇಲೆ ದರ ಏರಿದೆ. ಲೆಕ್ಕದ ಸೌಕರ್ಯಕ್ಕೆ ಹಳೆಯದನ್ನೇ ಮೂಲಮಾನವಾಗಿ ಇಟ್ಟುಕೊಂಡಿದ್ದೇನೆ. ಫರ್ಗ್ಯುಸನ್ ರಸ್ತೆಯಲ್ಲಿ ಇಬ್ಬರು ಕೂತು ದೋಸೆ ತಿಂದು ಕಾಫಿ ಕುಡಿದು ಎದ್ದರೆ ಆ ದುಡ್ಡಿಗೆ ಮುಗಿಯುವುದಿಲ್ಲ. ಅಷ್ಟಕ್ಕೆ ಹತ್ತು ಕೋಟಿ ಹಾಡು ಕೊಡುತ್ತಾರಂತೆ, ಇನ್ನೇನು ಬೇಕು ಪಪ್ಪಾ?

ಶಾಸ್ತ್ರಕಾರನು ಸಂಖ್ಯೆಗೆ ಹೆದರಬಾರದು. ಹತ್ತು ಕೋಟಿ ಹಾಡು, ಒಂದಕ್ಕೆ ಮೂರೇ ನಿಮಿಷವೆಂದರೂ ಮೂವತ್ತು ಕೋಟಿ ನಿಮಿಷ. ಊಟ, ನಿದ್ದೆ, ಹೌಸಿಂಗ್ ಸೊಸೈಟಿಯ ಸಭೆ ಎಲ್ಲ ಬಿಟ್ಟು ಕೇಳಿದರೆ ಸುಮಾರು 570 ವರ್ಷ. ವಿಜಯನಗರದಲ್ಲಿ ಮಲ್ಲಿಕಾರ್ಜುನರಾಯ ಪಟ್ಟದಲ್ಲಿದ್ದಾಗ ಇಯರ್‌ಫೋನು ಸಿಕ್ಕಿಸಿಕೊಂಡವನು ಈಗ ತೆಗೆಯಬಹುದಿತ್ತು. ಪುರಂದರದಾಸರು ಆಗಿನ್ನೂ ಹುಟ್ಟಿರಲಿಲ್ಲ. ಅವರ ಪದಗಳಿಗೆ ಪಾಪ ಅವನು ಕಾದೇ ಕಾದಿರಬೇಕು. ಈ ಹತ್ತು ಕೋಟಿಯಲ್ಲಿ ಪ್ರಬಂಧಕಾರನು ಕಳೆದ ವರ್ಷ ಕೇಳಿದ್ದು ಹನ್ನೊಂದು. ಇದು ನನ್ನ ಅಂದಾಜಲ್ಲ, ಆ್ಯಪ್ಪೇ ಡಿಸೆಂಬರಿನಲ್ಲಿ ಬಣ್ಣಬಣ್ಣದ ಚಿತ್ರ ಮಾಡಿ ಕಳಿಸಿ ಮರ್ಯಾದೆ ತೆಗೆದದ್ದು. ಹನ್ನೊಂದರಲ್ಲಿ ಒಂಬತ್ತು ಟ್ರಂಕಿನಲ್ಲಿವೆ. ಅಂದರೆ ನಾನು ಸ್ವಂತ ಮನೆಯ ಅಟ್ಟಕ್ಕೆ ಪರರಿಗೆ ಬಾಡಿಗೆ ಕಟ್ಟುತ್ತಿದ್ದೇನೆ. ಗ್ರಂಥ ಹುಟ್ಟಿದ್ದು ಈ ಸಂಕಟದಿಂದ.

ಸ್ವತ್ವವೆಂದರೇನು? ಈ ವಿಷಯದಲ್ಲಿ ಕನ್ನಡಿಗರು ಯಾರ ಬಾಯಿಯನ್ನೂ ನೋಡಬೇಕಿಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು; ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಂಗಾಳದ ದಾಯಭಾಗ ಪಕ್ಷದವರಿಗೆ ಅಪ್ಪ ಸತ್ತ ಮೇಲೆಯೇ ಮಗನ ಹಕ್ಕು. ನಮ್ಮ ಕಲ್ಯಾಣದವನ ಪ್ರಕಾರ ಪಿತ್ರಾರ್ಜಿತದಲ್ಲಿ ಹುಟ್ಟಿದ ಗಳಿಗೆಯಿಂದಲೇ ಹಕ್ಕು. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ. ಆದ್ದರಿಂದ ಟ್ರಂಕಿನೊಳಗಿನ 143 ಕ್ಯಾಸೆಟ್ಟಿಗೆ ನನ್ನ ಮಗಳು ತೊಟ್ಟಿಲಿನಿಂದಲೇ ಸಹಭಾಗಿ. ಇದನ್ನು ಗಂಭೀರವಾಗಿ ತಿಳಿಸಿದೆ. ವಿಭಾಗ ಕೇಳುತ್ತಾಳೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. “ನನ್ನ ಪಾಲೂ ನೀನೇ ಇಟ್ಕೋ” ಎಂದಳು. ಇಷ್ಟು ಪ್ರಸನ್ನಚಿತ್ತದ ಹಕ್ಕುಬಿಡುಗಡೆಯನ್ನು ಯಾವ ಸಬ್‌ರಿಜಿಸ್ಟ್ರಾರೂ ಕಂಡಿರಲಾರ.

ಎದುರುಪಕ್ಷದಲ್ಲೂ ಮಿತಾಕ್ಷರದ ನೆರಳಿದೆ. ಫ್ಯಾಮಿಲಿ ಪ್ಲಾನಿನಲ್ಲಿ ಆರು ಜನ ಸೇರಬಹುದು, ಆದರೆ ಆರೂ ಜನ ಒಂದೇ ವಿಳಾಸದಲ್ಲಿ ವಾಸವಿರಬೇಕು. ಅವಿಭಕ್ತ ಕುಟುಂಬಕ್ಕೆ ವಿಜ್ಞಾನೇಶ್ವರನೂ ಇಷ್ಟು ಬಿಗಿ ಲಕ್ಷಣ ಹಾಕಲಿಲ್ಲ. ಹೊಲ, ಹಿತ್ತಲು, ಬಾವಿ ಎಲ್ಲ ಹೋಳಾಗಿ ಮೂರು ತಲೆಮಾರಾದ ಮನೆತನವನ್ನು ಕೊನೆಗೆ ಒಂದು ಸ್ವೀಡನ್ ಕಂಪನಿ ಒಂದೇ ಸೂರಿನಡಿ ಸೇರಿಸಿತು. ಕೂಡುಕುಟುಂಬ ಇದೆ, ಕರ್ತೃ ಇದ್ದಾನೆ, ಆಸ್ತಿಯೊಂದಿಲ್ಲ. ಕರ್ತೃವಿನ ಕಾರ್ಡಿನ ಅವಧಿ ಮುಗಿದರೆ ಆರೂ ಕಿವಿಗಳಿಗೆ, ಕ್ಷಮಿಸಿ, ಹನ್ನೆರಡಕ್ಕೂ, ಟೂತ್‌ಪೇಸ್ಟು.

ಮನಬಂದಂತೆ ಬಳಸಲು ಯೋಗ್ಯವಾದದ್ದೇ ಸ್ವತ್ತು ಎಂಬುದು ತಾರ್ಕಿಕರ ಲಕ್ಷಣ. ಕ್ಯಾಸೆಟ್ಟಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಮಾರಬಹುದು, ದಾನ ಕೊಡಬಹುದು, ಷಡ್ಡಕನಿಗೆ ಎರವಲು ಕೊಟ್ಟು ಜನ್ಮಪೂರ್ತಿ ಮಾತು ಬಿಡಬಹುದು. ಮೂಲೆಯ ಎರಡು ತೂತಿಗೆ ಕಾಗದದ ಉಂಡೆ ತುರುಕಿ, ಒಳಗಿನ ದರ್ಬಾರಿ ಕಾನಡಾವನ್ನು ಅಳಿಸಿ, ಮೇಲೆ ಹದಿನೇಳರ ಮಗ್ಗಿಯನ್ನು ಧ್ವನಿಮುದ್ರಿಸಬಹುದು. ಕೊನೆಯದನ್ನು ಪ್ರಬಂಧಕಾರನು ಐದನೆಯ ಇಯತ್ತೆಯಲ್ಲಿದ್ದಾಗ ಸ್ವತಃ ಮಾಡಿ ಪ್ರಮಾಣೀಕರಿಸಿದ್ದಾನೆ. ಬೆನ್ನಿನ ಮೇಲೆ ಸಾಕ್ಷ್ಯವಿತ್ತು, ಈಗ ಮಾಸಿದೆ. ಬಾಡಿಗೆ ಹಾಡಿನ ಮೇಲೆ ಈ ಯಾವ ಅಧಿಕಾರವೂ ನಡೆಯುವುದಿಲ್ಲ. ಹಾಳುಮಾಡುವ ಹಕ್ಕಿಲ್ಲದ ಮೇಲೆ ಅದೆಂಥ ಸ್ವಂತ?

ಸ್ವಂತದ್ದು ಶಾಶ್ವತ ಎಂದು ಮಾತ್ರ ಯಾರೂ ವಾದಿಸಬಾರದು. 78 ಸುತ್ತಿನ ತಟ್ಟೆಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ಅರಗಿನ ಮನೆಯನ್ನು ಸ್ವಂತಕ್ಕೆ ಪಡೆದ ಪಾಂಡವರ ಗತಿ ಏನಾಯಿತೆಂದು ಗದುಗಿನ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ಟ್ರಂಕಿನ 143ರಲ್ಲಿ 31ಕ್ಕೆ ಬೂಷ್ಟು ಹಿಡಿದಿದೆ. ಉಳಿದವು ನೆಟ್ಟಗಿವೆ, ಆದರೆ ನುಡಿಸುವ ಯಂತ್ರವಿಲ್ಲ. ಪುಣೆಯ ಜುನಾ ಬಾಜಾರು ಬುಧವಾರ, ಭಾನುವಾರ ಕೂಡುತ್ತದೆ. ಮೂರು ಭಾನುವಾರ ತಿರುಗಿ ಒಂದು ಟೇಪ್‌ರೆಕಾರ್ಡರು ಹಿಡಿದೆ. ಮಾರುವವನು “ಏಕದಮ್ ಚಾಲೂ ಆಹೇ” ಅಂದ. ಮನೆಗೆ ತಂದು ಹಚ್ಚಿದರೆ ಒಳಗಿನ ರಬ್ಬರ್ ಬೆಲ್ಟು ಬಿಸಿಲಿಗಿಟ್ಟ ಬೆಲ್ಲದಂತೆ ಕರಗಿತ್ತು. ಗಂಗೂಬಾಯಿಯವರ ದನಿಯೇ ಗಂಭೀರ, ಅದು ಇನ್ನೂ ಎರಡು ಪಟ್ಟಿ ಕೆಳಗಿಳಿಯಿತು. ತಪಕೀರ್ ಗಲ್ಲಿಯಲ್ಲಿ ಬೆಲ್ಟು ಸಿಕ್ಕಿತು. ಯಂತ್ರಕ್ಕಿಂತ ಬೆಲ್ಟಿಗಾಗಿ ಓಡಾಡಿದ ರಿಕ್ಷಾದ ಖರ್ಚು ಹೆಚ್ಚು.

ಇಲ್ಲೊಂದು ಪಾಠಾಂತರ ವಿಚಾರ. ನನ್ನ ತಂದೆ ಪ್ರತಿ ಕ್ಯಾಸೆಟ್ಟಿನ ಒಳಕಾಗದದ ಮೇಲೆ ನೀಲಿ ಶಾಯಿಯಲ್ಲಿ ತಾರೀಖು, ಸ್ಥಳ, ಬೆಲೆ ಬರೆಯುತ್ತಿದ್ದರು. ‘ದುರ್ಗದಬೈಲು, ಹುಬ್ಬಳ್ಳಿ, ರೂ. 32.’ ಎಲ್ಲ ಕೂಡಿದರೆ 4,641 ರೂಪಾಯಿ, ಅಂದರೆ ಸರಿಯಾಗಿ 39 ತಿಂಗಳ ಬಾಡಿಗೆ. ಸಿಗರೇಟು ಬಿಟ್ಟು ಹದಿನೈದು ವರ್ಷ ಕೂಡಿಸಿದ್ದು ಇಷ್ಟು. ಬೆಲೆ ಬರೆಯದವು ಐದಾರು ಇವೆ. ಅವು ಧಾರವಾಡ ಆಕಾಶವಾಣಿಯಿಂದ ರಾತ್ರಿ ಹಿಡಿದವು. ಅದರಲ್ಲೊಂದು ಪೂರಿಯಾ. ಗಾಯಕರು ಮಂದ್ರದ ನಿಷಾದದ ಮೇಲೆ ನಿಂತು ಷಡ್ಜಕ್ಕೆ ಏರದೆ ಆಡಿಸುತ್ತಿರುವಾಗ ನಮ್ಮ ಅಡುಗೆಮನೆಯ ಕುಕ್ಕರು ಮೂರು ಸಲ ಕೂಗುತ್ತದೆ. ಮೂರನೆಯದು ಅರ್ಧಕ್ಕೆ ನಿಲ್ಲುತ್ತದೆ, ಯಾರೋ ಒಲೆ ಸಣ್ಣ ಮಾಡಿದ್ದಾರೆ. ಆಗ ಗಾಯಕರು ಷಡ್ಜಕ್ಕೆ ಬರುತ್ತಾರೆ. ಅದೇ ಗಾಯಕರ ಅದೇ ಪೂರಿಯಾ ಆ್ಯಪ್ಪಿನಲ್ಲೂ ಇದೆ, ನಿರ್ಮಲ ಧ್ವನಿ, ಒಂದು ಕೊರೆತವಿಲ್ಲ. ಆದರೆ ಆ ನಿಷಾದ ಬಂದಾಗ ನನ್ನ ಕಿವಿ ಸೀಟಿಗೆ ಕಾಯುತ್ತದೆ, ಬರುವುದಿಲ್ಲ. ಸಂಪಾದನಶಾಸ್ತ್ರದ ಪ್ರಕಾರ ಆ್ಯಪ್ಪಿನ ಪ್ರತಿ ಲುಪ್ತಪಾಠ.

ಪ್ರಬಂಧಕಾರನು ಮೊದಲು ಬಿಟ್ಟಿ ಪಂಥದಲ್ಲಿದ್ದ. ಆ ಆ್ಯಪ್ಪಿನ ಹೆಸರು ಬೇಡ. ಅದು ರಾಗವೊಂದನ್ನು ಎರಡು ಹಾಡೆಂದು ತಿಳಿದಿತ್ತು: ವಿಲಂಬಿತ ಒಂದು, ದ್ರುತ ಒಂದು. ಇಪ್ಪತ್ತೆರಡು ನಿಮಿಷ ಬಡಾ ಖ್ಯಾಲು ನಿಧಾನ ಮೆಟ್ಟಿಲು ಹತ್ತಿ, ಸಮ್ ಮೇಲೆ ನಿಂತು, ತಬಲಾದವನು ಲಯ ಏರಿಸುವ ಹೊತ್ತಿಗೆ ಸರಿಯಾಗಿ ಒಬ್ಬ ಹೆಂಗಸು “ನಿಮ್ಮ ಗೃಹಸಾಲದ ಬಡ್ಡಿ ಹೆಚ್ಚಾಯಿತೇ?” ಎಂದು ಕೇಳುತ್ತಿದ್ದಳು. ಹೆಚ್ಚಾಗಿತ್ತು, ಅದು ಬೇರೆ ಮಾತು. ಷಫಲ್ ಮಾಡಿದರೆ ದ್ರುತ ಮೊದಲು, ವಿಲಂಬಿತ ಆಮೇಲೆ: ಊಟದ ಎಲೆಗೆ ಮೊದಲು ಮಜ್ಜಿಗೆ ಬಡಿಸಿ ಕೊನೆಗೆ ಉಪ್ಪು ತಂದಂತೆ. ನಾನು ಕಾಸು ಕೊಟ್ಟದ್ದು ಸಂಗೀತಕ್ಕಲ್ಲ, ಆ ಹೆಂಗಸನ್ನು ಸುಮ್ಮನಾಗಿಸಲು.

ಈಗ ದೃಷ್ಟಾಂತ. ಶಾಸ್ತ್ರಗ್ರಂಥಗಳಲ್ಲಿ ಕಾಕತಾಳೀಯ, ದಂಡಾಪೂಪ ಮುಂತಾದ ನ್ಯಾಯಗಳಿವೆ. ಅವಕ್ಕೆ ‘ಅಂಗಡಿಮುಂದಣ ಬಾಲಕ ನ್ಯಾಯ’ ಎಂಬುದನ್ನು ಸೇರಿಸಬೇಕೆಂದು ನನ್ನ ಸೂಚನೆ. ಗದುಗಿನ ಹುಡುಗನೊಬ್ಬ ಅಂಗಡಿಯ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯನ್ನು ಕೇಳಿದ. ತಟ್ಟೆ ಕೊಳ್ಳಲಿಲ್ಲ, ಬಾಡಿಗೆ ಕೊಡಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಗುರುವನ್ನು ಹುಡುಕಲು ರೈಲು ಹತ್ತಿದ. ಟಿಕೆಟ್ಟಿಲ್ಲದ್ದಕ್ಕೆ ಹಾಡಿ ತೀರಿಸಿದನೆಂದು ಕಥೆ. ಓಡಿಹೋದದ್ದಕ್ಕೆ ಕಾರಣ ತುಪ್ಪದ ಜಗಳವೆಂದು ಒಂದು ಮತ, ಊಟದಲ್ಲಿ ಇನ್ನೊಂದು ಚಮಚ ಸಿಗಲಿಲ್ಲವಂತೆ. ಘೃತವಾದಿಗಳಿಗೂ ಝಿಂಝೋಟಿವಾದಿಗಳಿಗೂ ನಡುವಿನ ಈ ವಿವಾದಕ್ಕೆ ಸಮನ್ವಯವೆಂದರೆ, ಎರಡೂ ಎರಡನೆಯ ಸಲ ಬೇಕೆನಿಸುವ ಪದಾರ್ಥಗಳು. ಎಲ್ಲೆಲ್ಲೋ ತಿರುಗಿ ಅವನಿಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ: ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರು. ಅವರು 1952ರಲ್ಲಿ ತೀರಿಕೊಂಡರು, ಮರುವರ್ಷದಿಂದ ಆ ಹುಡುಗ, ಅಂದರೆ ಭೀಮಸೇನ ಜೋಶಿ, ಪುಣೆಯಲ್ಲಿ ಅವರ ಪುಣ್ಯತಿಥಿಯ ಉತ್ಸವ ಹೂಡಿದರು. ಇವತ್ತಿಗೂ ಡಿಸೆಂಬರಿನಲ್ಲಿ ಪುಣೆಯ ಜನ ಶಾಲು ಹೊದ್ದು, ಡಬ್ಬಿ ಕಟ್ಟಿಕೊಂಡು ಅದಕ್ಕೆ ಹೋಗುತ್ತಾರೆ, ಸೀಸನ್ ಟಿಕೆಟ್ಟು ಕೊಂಡು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಖಾನರು ಹೋದದ್ದು 1937ರಲ್ಲಿ. ಆ ತಟ್ಟೆಗೆ ಈಗ ಒಡೆಯನೇ ಇಲ್ಲ, ಯಾರು ಬೇಕಾದರೂ ಕೇಳಬಹುದು. ಹುಡುಗ ಕಾನೂನಿಗಿಂತ ಬಹಳ ಮುಂಚೆ ಬಂದುಬಿಟ್ಟಿದ್ದ, ಅಷ್ಟೇ.

ಈ ನ್ಯಾಯವನ್ನು ಮಗಳಿಗೆ ಹೇಳಿದೆ. “ಮತ್ತೆ ನೀನ್ಯಾಕೆ ಭೀಮಸೇನ ಆಗಲಿಲ್ಲ?” ಎಂದಳು. ಶಾಸ್ತ್ರದಲ್ಲಿ ಇದಕ್ಕೆ ಅಪ್ರಸ್ತುತ ಪ್ರಶ್ನೆ ಎನ್ನುತ್ತಾರೆ.

ಹಾಗಾದರೆ ಸಿದ್ಧಾಂತ? ಅದಕ್ಕೆ ಗೇಣಿಯ ಸ್ವರೂಪ ತಿಳಿಯಬೇಕು. ಕರಾವಳಿಯಲ್ಲಿ ಎರಡು ಗೇಣಿ: ಮೂಲಗೇಣಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು, ಚಾಲಗೇಣಿ ಒಡೆಯನ ಮರ್ಜಿ ಇರುವತನಕ. ಪುಣೆಯ ಸದಾಶಿವ ಪೇಠೆಯ ವಾಡೆಗಳಲ್ಲಿ ಮೂರನೆಯದೊಂದಿದೆ: ಅಜ್ಜನ ಕಾಲದ ಬಾಡಿಗೆಯನ್ನು ಮೊಮ್ಮಗ ಚಿಲ್ಲರೆಯಲ್ಲಿ ಎಣಿಸಿ ಕೊಡುವುದು, ಮಾಲೀಕ ಕೋರ್ಟಿಗೆ ಅಲೆಯುವುದು. ಈ ಊರಲ್ಲಿ ಬಾಡಿಗೆದಾರನೇ ಚಿರಂಜೀವಿ. ಸಂಗೀತದ ಆ್ಯಪ್ಪು ಮಾತ್ರ ಶುದ್ಧ ಚಾಲಗೇಣಿ. 2024ರ ಜನವರಿಯಲ್ಲಿ ರೆಸ್ಸೊ ಭಾರತದ ಬಾಗಿಲು ಮುಚ್ಚಿತು, ಅದೇ ವರ್ಷ ವಿಂಕ್ ಮ್ಯೂಸಿಕ್ಕೂ ಎದ್ದಿತು. ಒಕ್ಕಲನ್ನು ಎಬ್ಬಿಸುವ ಒಡೆಯನನ್ನು ನಮ್ಮ ಹಿರಿಯರು ಕಂಡಿದ್ದರು. ಭೂಮಿಯನ್ನೇ ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಹೋದವನನ್ನು ಕಂಡಿರಲಿಲ್ಲ.

ಇದಕ್ಕೂ ಕರ್ನಾಟಕದಲ್ಲಿ ಮದ್ದಿದೆ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಆದ 1974ರ ತಿದ್ದುಪಡಿಯ ಪ್ರಕಾರ ಉಳುವವನೇ ಹೊಲದೊಡೆಯ. ಗೇಣಿದಾರರು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಹೊಲ ಪಡೆದರು. ಕೇಳುವವನೇ ಹಾಡಿನೊಡೆಯ ಎಂಬ ಅತಿದೇಶವನ್ನು ಆಧರಿಸಿ ಪ್ರಬಂಧಕಾರನು ಅದೇ ನಮೂನೆಯನ್ನು ಭರ್ತಿ ಮಾಡಿ ಈ ಗ್ರಂಥಕ್ಕೆ ಲಗತ್ತಿಸಿದ್ದಾನೆ:

ಅರ್ಜಿದಾರ: ಮೇಲ್ಕಂಡ ಗೃಹಸ್ಥ, ಹಾಲಿ ವಸ್ತಿ ಕೋಥರೂಡ. ಜಮೀನಿನ ವಿವರ: ರಾಗ ಪೂರಿಯಾ, ಒಂದು. ಗೇಣಿ: ತಿಂಗಳಿಗೆ ರೂ. 119, ಬಾಕಿ ಇಲ್ಲ. ಸಾಗುವಳಿ: ಪ್ರತಿದಿನ ಸಂಜೆ ಏಳರಿಂದ, ಖುದ್ದಾಗಿ. ಬೆಳೆ: ಏನೂ ಇಲ್ಲ. ಚಕ್ಕುಬಂದಿ: ಪೂರ್ವಕ್ಕೆ ವಿಲಂಬಿತ, ಪಶ್ಚಿಮಕ್ಕೆ ದ್ರುತ, ಉತ್ತರಕ್ಕೆ ಮೇಲಿನ ಮನೆಯವರ ಮಿಕ್ಸರು, ದಕ್ಷಿಣಕ್ಕೆ ಗೃಹಸಾಲದ ಹೆಂಗಸು. ಜಮೀನಿನೊಳಗಿನ ಮಾಲ್ಕಿಗಳು: ಕುಕ್ಕರಿನ ಸೀಟಿ ಎರಡೂವರೆ, ಇದು ಅರ್ಜಿದಾರನ ಪಿತ್ರಾರ್ಜಿತ, ಒಡೆಯನ ದಾಖಲೆಯಲ್ಲಿ ನಮೂದಾಗಿಲ್ಲ. ಸಾಕ್ಷಿ: ಹೆಂಡತಿ. ಅಟ್ಟ ಖಾಲಿಯಾದ ದಿನ ಸಹಿ ಹಾಕುವುದಾಗಿ ತಿಳಿಸಿದ್ದಾಳೆ.