ಗೆದ್ವಿ, ಸೋತ್ರು

ಮಿಷಿಗನ್ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿ ವರ್ಷವಿಡೀ ಜೀವಂತವಾಗಿದ್ದರೂ ಅವನಿಗೆ ಕಳೆ ಬರುವುದು ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆಯವರೆಗಿನ ಶನಿವಾರಗಳಲ್ಲಿ, ಕಾಲೇಜು ತಂಡದ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ದಿನ. ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ ಈತ ಜೋಳದ ಹಳದಿಗೂ ನೀಲಿಗೂ ತಿರುಗುತ್ತಾನೆ. ಟೋಪಿ, ಅಂಗಿ, ಕಾಲುಚೀಲ, ಕಾರಿನ ಬಾವುಟ, ನಾಯಿಯ ಕೊರಳಪಟ್ಟಿ, ಎಲ್ಲಕ್ಕೂ ಅವೇ ಎರಡು ಬಣ್ಣ. ಅಲ್ಲಿ ಏನು ಓದಿದ್ದು ಎಂದು ಕೇಳಿದರೆ ಸ್ವಲ್ಪ ತಡವರಿಸುತ್ತಾನೆ.

ಈ ಪ್ರಭೇದದ ಕನ್ನಡ ಶಾಖೆ ಡೆಟ್ರಾಯ್ಟ್ ಸುತ್ತಲಿನ ನೋವೈ, ಟ್ರಾಯ್, ಕ್ಯಾಂಟನ್‌ಗಳಲ್ಲಿ ಕಾರು ಕಂಪನಿಗಳನ್ನು ನೆಚ್ಚಿಕೊಂಡು ಬೆಳೆದಿದೆ. ಎಂಎಸ್ ಮಾಡಲು ಬಂದು ಎರಡು ವರ್ಷ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನಲ್ಲಿದ್ದು, ಆ ಎರಡೂ ವರ್ಷ ಲ್ಯಾಬಿನಿಂದ ಹೊರಗೆ ತಲೆ ಹಾಕದೆ, ಒಂದು ಪಂದ್ಯವನ್ನೂ ನೋಡದವನು ಆಮೇಲಿನ ಇಪ್ಪತ್ತು ವರ್ಷ ಬಡ್ಡಿ ಸಮೇತ ಆ ಬಾಕಿ ತೀರಿಸುತ್ತಾನೆ. ತೀರಿಸಲು ಒಬ್ಬನೇ ಹೋಗುವುದಿಲ್ಲ. ಹೊಸದಾಗಿ ಬೆಂಗಳೂರಿನಿಂದ ಬಂದಿಳಿದ ಇಬ್ಬರು ಮೂವರು ಗೆಳೆಯರನ್ನು ಎಳೆದುಕೊಂಡು ಹೋಗುತ್ತಾನೆ.

ಮಧ್ಯಾಹ್ನ 12ರ ಆಟಕ್ಕೆ ಬೆಳಗ್ಗೆ 6ಕ್ಕೇ ಹೊರಡಬೇಕೆಂಬುದು ಈತನ ಶಾಸ್ತ್ರ. ದಾರಿ ಮುಕ್ಕಾಲು ಗಂಟೆಯದು. ಉಳಿದ ಸಮಯ ಟೈಲ್‌ಗೇಟಿಂಗ್‌ಗೆ. ಕಾರಿನ ಹಿಂಬಾಗಿಲು ತೆರೆದು ಅಲ್ಲೇ ಒಲೆ ಹೂಡಿ ಉಣ್ಣುವ ಈ ಆಚಾರಕ್ಕೆ ಕ್ರೀಡಾಂಗಣದ ಎದುರಿನ ಹೈಸ್ಕೂಲ್ ಬಯಲು, ಪಕ್ಕದ ಗಾಲ್ಫ್ ಮೈದಾನ ಬಿಟ್ಟುಕೊಡಲಾಗುತ್ತದೆ. ತೇರಿನ ದಿನ ಊರಾಚೆ ಹೊಲದಲ್ಲಿ ಗಾಡಿ ಬಿಟ್ಟು ಮೂರು ಕಲ್ಲಿನ ಒಲೆ ಹೂಡಿದವರಿಗೆ ಇದರಲ್ಲಿ ವಿವರಿಸಬೇಕಾದ್ದೇನೂ ಇಲ್ಲ. ಕಲ್ಲಿನ ಜಾಗಕ್ಕೆ ಗ್ಯಾಸ್ ಬಂದಿದೆ ಅಷ್ಟೆ. ಸುತ್ತ ಬರ್ಗರ್ ಚುರುಗುಟ್ಟುತ್ತಿರುವಾಗ ಕನ್ನಡ ಶಾಖೆ ಅಲ್ಯೂಮಿನಿಯಂ ಟ್ರೇಯಲ್ಲಿ ಚಿತ್ರಾನ್ನ, ಐಸ್ ಪೆಟ್ಟಿಗೆಯಲ್ಲಿ ಮಜ್ಜಿಗೆ ತೆರೆಯುತ್ತದೆ. ಹೊರಗಿನ ತಿಂಡಿಯನ್ನು ಕ್ರೀಡಾಂಗಣದೊಳಗೆ ಬಿಡುವುದಿಲ್ಲವಾದ್ದರಿಂದ ಹತ್ತು ಜನಕ್ಕೆ ಮಾಡಿದ್ದನ್ನು ನಾಲ್ಕು ಜನ ಅಲ್ಲೇ ಮುಗಿಸಬೇಕು. ಆಟಕ್ಕೆ ಮುಂಚೆಯೇ ನಿದ್ದೆ ಬರುವುದಕ್ಕೆ ಇದೇ ಕಾರಣ.

ಮಿಷಿಗನ್ ಸ್ಟೇಡಿಯಂ ಹೊರಗಿನಿಂದ ಅಷ್ಟು ದೊಡ್ಡದೆನಿಸುವುದಿಲ್ಲ. 1927ರಲ್ಲಿ ತೆರೆದ, ‘ದೊಡ್ಡ ಮನೆ’ ಎಂಬ ಅಡ್ಡಹೆಸರಿನ ಇದರ ಬಹುಭಾಗ ನೆಲದೊಳಗಿದೆ, ಒಳಹೊಕ್ಕವರು ಮೆಟ್ಟಿಲು ಹತ್ತುವ ಬದಲು ಇಳಿಯುತ್ತಾರೆ. ಅಧಿಕೃತ ಆಸನ ಸಂಖ್ಯೆ 1,07,601. ಸುಮಾರು 1.2 ಲಕ್ಷ ಜನರ ಊರಿಗೆ ಇದು ಧಾರಾಳವಾಯಿತು. ಕೊನೆಯ ಆ ಒಂದು ಆಸನ ಹಿಂದಿನ ತರಬೇತುದಾರ ಫ್ರಿಟ್ಜ್ ಕ್ರಿಸ್ಲರ್ ಗೌರವಾರ್ಥ ಮೀಸಲು. ಅದೆಲ್ಲಿದೆಯೆಂದು ಯಾರೂ ಹೇಳಿಲ್ಲ. ಈತ ಮಾತ್ರ ಪ್ರತಿವರ್ಷವೂ ಅದನ್ನು ತನ್ನ ಪಕ್ಕದಲ್ಲೇ ಪತ್ತೆ ಹಚ್ಚುತ್ತಾನೆ. ಬೆಂಚಿನ ಮೇಲೆ ಬರೆದ ನಂಬರುಗಳ ಅಂತರ ಬರೀ ಅಂಗಿ ತೊಟ್ಟವರಿಗೆ ಸರಿ. ಅಕ್ಟೋಬರಿನ ಚಳಿಗೆ ಎಲ್ಲರೂ ದಪ್ಪ ಜಾಕೆಟ್ ಹಾಕಿ ಬರುವುದರಿಂದ ಪ್ರತಿ ಸಾಲಿನ ತುದಿಯಲ್ಲೂ ಒಬ್ಬರು ಅರ್ಧ ಕೂತಿರುತ್ತಾರೆ.

ಆಟ ಶುರುವಾದ ಮೇಲೆ ಈತ ನಿಯಮ ವಿವರಿಸತೊಡಗುತ್ತಾನೆ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ 6 ಅಂಕ. ಅಷ್ಟು ಹೇಳಿ ನಿಲ್ಲಿಸಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ‘ಓವರಿಗೆ ಆರು ಬಾಲ್ ಇದ್ದ ಹಾಗೆ ನಾಲ್ಕು ಬಾಲ್ ಅನ್ಕೊಳ್ಳಿ’ ಎಂದು ಕ್ರಿಕೆಟ್ಟನ್ನು ಎಳೆದು ತಂದ ಮೇಲೆ, ಕೇಳಿದವರಿಗೆ ಕ್ರಿಕೆಟ್ಟಿನ ಮೇಲೂ ಅನುಮಾನ ಹುಟ್ಟುತ್ತದೆ. ಕಾಲಿಗೆ ಅಪರೂಪಕ್ಕೆ ತಗಲುವ ಚೆಂಡಿಗೆ ಫುಟ್‌ಬಾಲ್ ಎಂಬ ಹೆಸರೇಕೆ, 60 ನಿಮಿಷದ ಆಟ ಮೂರೂವರೆ ಗಂಟೆ ನಡೆಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಬ್ಯಾಂಡ್ ‘ದಿ ವಿಕ್ಟರ್ಸ್’ ನುಡಿಸುತ್ತದೆ. ಲೂಯಿ ಎಲ್ಬೆಲ್ ಎಂಬ ವಿದ್ಯಾರ್ಥಿ 1898ರಲ್ಲಿ ರಚಿಸಿದ ಗೀತೆ ಅದು. ನಮ್ಮ ಹಳೆ ವಿದ್ಯಾರ್ಥಿ ಎದ್ದುನಿಂತು ಮುಷ್ಟಿ ಎತ್ತಿ ಆಡಿಸುತ್ತಾನೆ. ಬೆಂಗಳೂರಿನವರೂ ಎತ್ತುತ್ತಾರೆ, ಅರ್ಧ ತಾಳ ತಡವಾಗಿ.

ಈ ಪ್ರಭೇದವನ್ನು ಗುರುತಿಸಲು ಬಣ್ಣಕ್ಕಿಂತ ಖಚಿತವಾದ ಲಕ್ಷಣ ವ್ಯಾಕರಣ. 1976ರಲ್ಲಿ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಮಿಷಿಗನ್ ಸೇರಿ ಏಳು ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಸೋಮವಾರದ ಅಂಗಿಗಳನ್ನು ಎಣಿಸಿತು. ತಂಡ ಶನಿವಾರ ಗೆದ್ದಿದ್ದರೆ ಕಾಲೇಜಿನ ಹೆಸರು ಹೊತ್ತ ಅಂಗಿಗಳು ಹೆಚ್ಚು. ಫೋನಿನಲ್ಲಿ ವಿಚಾರಿಸಿದಾಗ ಗೆದ್ದ ಆಟಕ್ಕೆ ವಿದ್ಯಾರ್ಥಿಗಳು ‘ನಾವು’ ಎನ್ನುತ್ತಿದ್ದುದು ಸೋತ ಆಟಕ್ಕಿಂತ ಹೆಚ್ಚು. ಇಂಗ್ಲಿಷಿನವರು ಇದಕ್ಕಾಗಿ ಒಂದು ಸರ್ವನಾಮವನ್ನೇ ಖರ್ಚು ಮಾಡಬೇಕು. ಕನ್ನಡ ಶಾಖೆಗೆ ಆ ಕಷ್ಟವಿಲ್ಲ, ಕ್ರಿಯಾಪದದ ಬಾಲವೇ ಸಾಕು: ಗೆದ್ರೆ ‘ಗೆದ್ವಿ’, ಸೋತ್ರೆ ‘ಸೋತ್ರು’. ಮೇಲುಗೈ ಅತ್ತಿತ್ತ ಓಲಾಡುವ ಪಂದ್ಯದಲ್ಲಿ ಈತ ಎರಡೂ ರೂಪಗಳನ್ನು ಒಂದೇ ಗಂಟೆಯಲ್ಲಿ ಬಳಸಿದ್ದುಂಟು. ನವೆಂಬರ್ ಕೊನೆಯಲ್ಲಿ ಬದ್ಧ ಎದುರಾಳಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಎದುರಿನ ಆಟದಲ್ಲಂತೂ ವ್ಯಾಕರಣ ಪೂರಾ ಕೆಡುತ್ತದೆ. ಆಗ ಸೋಲಿಗೆ ಕರ್ತೃ ರೆಫರಿ.

ವಾಪಸಾಗುವಾಗ ಲಕ್ಷ ಜನ ಒಟ್ಟಿಗೆ ಕಾರು ತೆಗೆಯುವುದರಿಂದ ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆಯೂ ಸಾಲದು. ಗೆದ್ದಿದ್ದರೆ ದಾರಿಯಲ್ಲಿ ಸೈಡರ್ ಮಿಲ್ಲಿಗೆ ನುಗ್ಗಿ ಸೇಬಿನ ರಸ, ಬಿಸಿ ಡೋನಟ್ ಕೊಡಿಸುತ್ತಾನೆ. ಸೋತಿದ್ದರೆ ‘ನಾಳೆ ಬೆಳಗ್ಗೆ ಬೇಗ ಏಳ್ಬೇಕಪ್ಪಾ’ ಎನ್ನುತ್ತಾನೆ. ನಾಳೆ ಭಾನುವಾರ. ಸೋಮವಾರ ಆಫೀಸಿನಲ್ಲಿ ಹಳದಿ ಅಂಗಿ ಕಾಣದಿದ್ದರೆ, ಅದು ಒಗೆಯಲು ಬಿದ್ದಿದೆಯೆಂಬ ವಿವರಣೆ ಯಾರೂ ಕೇಳುವ ಮೊದಲೇ ಬರುತ್ತದೆ.