ವಿ.ಪಿ. ಸಾಹೇಬರ ಕೆಂಪು ಗೆರೆ

ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಅವರು ಎಲ್ಲರಿಗೂ ವಿ.ಪಿ. ಸಾಹೇಬರು. ಯಾವುದೋ ದೊಡ್ಡ ಕಂಪನಿಯಲ್ಲಿ ವೈಸ್ ಪ್ರೆಸಿಡೆಂಟ್ ಆಗಿದ್ದವರೆಂದು ನಂಬಿ ಹೊಸಬರು ಬೆಂಚಿನಲ್ಲಿ ಸರಿದು ಜಾಗ ಕೊಡುತ್ತಾರೆ. ಮಗನ ಬಯೋಡೇಟಾ ಕೈಗಿತ್ತವರೂ ಇದ್ದಾರೆ. ಸಾಹೇಬರು ಅದನ್ನು ಮಗುಚಿ, ಹಿಂಬದಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಮೂಲೆಯಲ್ಲೊಂದು ಚುಕ್ಕೆ ಇಟ್ಟು, ಗೆರೆಗಳೆಲ್ಲ ಅದರತ್ತ ಯಾಕೆ ಓಡಬೇಕೆಂದು ವಿವರಿಸತೊಡಗಿದಾಗಲೇ ತಿಳಿಯುವುದು: ವಿ.ಪಿ. ಎಂದರೆ ವ್ಯಾನಿಶಿಂಗ್ ಪಾಯಿಂಟ್.

ಭಾನುವಾರ ಬೆಳಿಗ್ಗೆ ಲಾಫಿಂಗ್ ಕ್ಲಬ್ಬಿನವರು ನಕ್ಕು ಮುಗಿಸಿ ಹೋದ ಮೇಲೆ ಅದೇ ಮಂಟಪದಲ್ಲಿ ಚಿತ್ರ ಕಲಿಯುವವರು ಕೂರುತ್ತಾರೆ. ಆರ್ಕಿಟೆಕ್ಚರ್ ಸೇರಲು ನಾಟಾ ಪರೀಕ್ಷೆ ಬರೆಯಲಿರುವ ಪಿಯುಸಿ ಹುಡುಗ, ಅವನ ಪರವಾಗಿ ಮಾತಾಡಲು ಬರುವ ತಾಯಿ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ, 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂದಮೇಲೆ ಈ ಕಡೆಯ ಗೀಳು ಹಚ್ಚಿಕೊಂಡ ಸಾಫ್ಟ್‌ವೇರ್ ಹುಡುಗ, ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿರುವ ಒಂದು ಹುಡುಗಿ. ಎಲ್ಲರೂ ಬರೆಯುವುದು ಬಾಕ್ಸ್. ಬಸ್ಸು, ಬೀರು, ಮಂಚ, ಮನೆ ಎಲ್ಲವೂ ಮೂಲದಲ್ಲಿ ಬಾಕ್ಸೇ ಎಂಬುದು ವಿ.ಪಿ. ಸಿದ್ಧಾಂತ. ಮೂವತ್ತು ನಲವತ್ತರ ಸೈಟುಗಳ ನಡುವೆ ನಿಂತು ಇದನ್ನು ಅಲ್ಲಗಳೆಯುವುದು ಕಷ್ಟ.

ಚಿತ್ರ ತೋರಿಸಿದರೆ ಅಭಿಪ್ರಾಯ ಹೇಳುವ ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಒಂದು, ‘ಸೂಪರ್’. ಇನ್ನೊಂದು, ‘ಫೋಟೋ ಥರಾನೇ ಇದೆ’. ಇದಕ್ಕಿಂತ ಮೇಲಿನ ಪ್ರಶಸ್ತಿ ಇಲ್ಲ. ಸಾಹೇಬರ ಬಾಯಲ್ಲಿ ಇವೆರಡೂ ಬರುವುದಿಲ್ಲ. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಬಾಕ್ಸಿನ ಮೇಲೆ ಸ್ಕೇಲ್ ಇಡುತ್ತಾರೆ. ಬಾಕ್ಸಿಗೆ ಹನ್ನೆರಡು ಅಂಚು, ನಾಲ್ಕು ನಾಲ್ಕರಂತೆ ಮೂರು ಗುಂಪು. ನಮ್ಮಿಂದ ದೂರ ಸರಿಯುವ ಗುಂಪಿನ ನಾಲ್ಕೂ ಗೆರೆ ಒಂದೇ ಚುಕ್ಕೆಯತ್ತ ಕೂಡುತ್ತಾ ಹೋಗಬೇಕು. ಕಣ್ಣಿಗೆ ಸರಿಯೆನಿಸಿದ ಬಾಕ್ಸಿನ ಗೆರೆಗಳನ್ನೂ ಉದ್ದಕ್ಕೆ ಎಳೆದು ನೋಡಿದರೆ ಬಣ್ಣ ಬಯಲಾಗುತ್ತದೆ. ಸಾಹೇಬರು ಹಾಗೆ ಎಳೆಯುತ್ತಾ ಎಳೆಯುತ್ತಾ ಕಾಗದ ದಾಟಿ, ಪಕ್ಕದವರ ಕಾಗದಕ್ಕೂ ಹೋಗಿ ತೀರ್ಪು ಕೊಡುತ್ತಾರೆ:

“ನೋಡಪ್ಪ, ಮೂವರು ಕೆಂಗೇರಿಗೆ ಹೊರಟಿದ್ದಾರೆ. ನಾಲ್ಕನೆಯವನು ಮಾಗಡಿ ಬಸ್ಸು ಹತ್ತಿಬಿಟ್ಟಿದ್ದಾನೆ.”

ಕೇಳಿಸಿಕೊಳ್ಳುವವರೂ ಕಡಿಮೆಯಿಲ್ಲ. ಬ್ಯಾಂಕ್ ಮೇಡಂ ಚಿತ್ರ ತೋರಿಸುವ ಮೊದಲೇ ಅದರ ಬೆಲೆ ಇಳಿಸುತ್ತಾರೆ: “ಸುಮ್ನೆ, ಕುಕ್ಕರ್ ಕೂಗೋವಷ್ಟರಲ್ಲಿ ಬರೆದದ್ದು ಸಾರ್.” ಹಾಗಾದರೆ ಕುಕ್ಕರ್ ಆರಿಸಿಯೇ ಬರೆಯಿರಿ ಎನ್ನುತ್ತಾರೆ ಸಾಹೇಬರು. ನಾಟಾ ಹುಡುಗ ತಲೆ ತಗ್ಗಿಸಿ ಕೂರುತ್ತಾನೆ, ತಾಯಿ ಮಾತ್ರ ಬಿಡುವುದಿಲ್ಲ: “ಮನೇಲಿ ಚೆನ್ನಾಗೇ ಬರೀತಾನೆ ಸಾರ್, ಇಲ್ಲಿ ಬೆಂಚು ಸರಿಯಿಲ್ಲ.” ಸಾಫ್ಟ್‌ವೇರ್ ಹುಡುಗ ಪ್ರತಿಯೊಂದಕ್ಕೂ “ನೋಟೆಡ್ ಸಾರ್” ಎಂದು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾನೆ. ಮುಂದಿನ ವಾರ ಅದೇ ಬಾಕ್ಸು, ಅದೇ ಮಾಗಡಿ ಬಸ್ಸು. ಇನ್ನೂ ಒಬ್ಬರು ಬರುತ್ತಿದ್ದರು, ತಪ್ಪು ತೋರಿಸಿದಾಗಲೆಲ್ಲ “ಅದು ನನ್ನ ಸ್ಟೈಲು” ಎನ್ನುತ್ತಿದ್ದರು. ಈಗ ಅವರು ಮಾಡರ್ನ್ ಆರ್ಟಿಗೆ ಹೋಗಿದ್ದಾರೆ. ಎಲ್ಲರಿಗೂ ನೆಮ್ಮದಿ.

ಒಮ್ಮೆ ಸಾಹೇಬರ ಸೊಸೆಗೆ ಆಫೀಸಿನಲ್ಲಿ ಫೀಡ್‌ಬ್ಯಾಕ್ ಕೊಡುವ ಬಗ್ಗೆ ಟ್ರೈನಿಂಗ್ ಆಯಿತು. “ಮಾವ, ನೀವು ಹೀಗೆ ಒಂದೇ ಸಲ ಕೆಂಪು ಗೆರೆ ಎಳೆದ್ರೆ ಜನ ಬರೋದು ನಿಲ್ಲಿಸ್ತಾರೆ. ಮೊದಲು ಏನಾದ್ರೂ ಒಳ್ಳೇದು ಹೇಳಿ, ಆಮೇಲೆ ತಪ್ಪು, ಕೊನೆಗೆ ಮತ್ತೆ ಒಳ್ಳೇದು” ಎಂದು ಅವಳು ಹೇಳಿಕೊಟ್ಟಳಂತೆ. ಮರುವಾರ ಸಾಹೇಬರು ಮೇಡಂ ಅವರ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರು. ಒಳ್ಳೆಯದನ್ನು ಹುಡುಕುತ್ತಿದ್ದರೆಂದು ಆಮೇಲೆ ತಿಳಿಯಿತು. ಕೊನೆಗೆ ಹೇಳಿದರು: “ಪೇಪರ್ ತುಂಬಾ ಚೆನ್ನಾಗಿದೆ. ಬಾಕ್ಸ್ ತಪ್ಪು. ಎಲ್ಲಿ ತಗೊಂಡ್ರಿ ಪೇಪರ್ರು?”

ಅವರ ತಿದ್ದುಪಡಿ ಕಾಗದಕ್ಕೆ ನಿಂತರೆ ಸರಿ, ಬೀದಿಗೂ ಇಳಿಯುತ್ತದೆ. ಕಾರ್ನರ್ ಸೈಟಿನ ಮನೆ ಕಂಡರೆ ಅವರಿಗೆ ವಿಶೇಷ ಪ್ರೀತಿ, ಎರಡು ಗೋಡೆ ಎರಡು ರಸ್ತೆಯತ್ತ ಸರಿಯುವುದರಿಂದ ಎರಡು ವ್ಯಾನಿಶಿಂಗ್ ಪಾಯಿಂಟಿಗೆ ಅದೇ ಮಾದರಿ. ಅಂಥ ಮನೆಯೊಂದರ ಎದುರು ತೋಳು ಚಾಚಿ, ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆಯುತ್ತ ನಿಂತಿದ್ದರು. ಮಾಲೀಕರು ಬನಿಯನ್ನಿನಲ್ಲೇ ಓಡಿಬಂದರು. “ಸಾರ್, ಪ್ಲ್ಯಾನ್ ಸ್ಯಾಂಕ್ಷನ್ ಆಗಿದೆ ಸಾರ್. ಒಳಗೆ ಬನ್ನಿ, ಕಾಫಿ ಕುಡೀತಾ ಮಾತಾಡೋಣ.” ಪಾಲಿಕೆಯವರು ಎಂದುಕೊಂಡಿದ್ದರು ಪಾಪ. ಸಾಹೇಬರು ಕಣ್ಣು ತೆರೆಯದೇ, “ನಿಮ್ಮ ಎರಡನೇ ಮಹಡಿ ರಸ್ತೆಗೆ ಚಾಚಿಕೊಂಡಿದೆ” ಎಂದರು. ಮಾಲೀಕರ ಮುಖ ಬಿಳುಚಿತು. “ಅದರಿಂದ ಕೆಳಗಿನ ಗೆರೆ ಕಾಣ್ತಿಲ್ಲ, ಅಷ್ಟೇ” ಎಂದು ಮುಂದೆ ಹೋದರು. ಆ ಮಾಲೀಕರು ಇಂದಿಗೂ ಅವರಿಗೆ ದೂರದಿಂದಲೇ ನಮಸ್ಕಾರ ಹೊಡೆಯುತ್ತಾರೆ.

ಕೆಂಗೇರಿ ರೈಲ್ವೆ ಸ್ಟೇಷನ್ನಿಗೂ ಶಿಷ್ಯರನ್ನು ಕರೆದೊಯ್ದಿದ್ದಾರೆ. ಪ್ಲಾಟ್‌ಫಾರಂ ತುದಿಯಲ್ಲಿ ನಿಲ್ಲಿಸಿ, “1676 ಮಿಲಿಮೀಟರ್ ಅಂತರದ ಹಳಿ, ಅಲ್ಲಿ ದೂರದಲ್ಲಿ ನೋಡಿ, ಸೊನ್ನೆ” ಎಂದರು. ಆಮೇಲೆ ಓವರ್‌ಬ್ರಿಡ್ಜ್ ಹತ್ತಿಸಿ, ಕ್ಷಿತಿಜ ರೇಖೆಯೂ ನಿಮ್ಮ ಕಣ್ಣಿನ ಜೊತೆಗೇ ಮೆಟ್ಟಿಲು ಹತ್ತಿತೋ ಇಲ್ಲವೋ ಎಂದು ಒಬ್ಬೊಬ್ಬರನ್ನೂ ಕೇಳಿದರು. ಬ್ಯಾಂಕ್ ಮೇಡಂ ಮಂಡಿ ಹಿಡಿದುಕೊಂಡು, “ಹತ್ತಿತು ಸಾರ್, ನನಗಿಂತ ಮೊದಲೇ” ಎಂದರು.

ಈ ಹಟದ ಮೂಲ ಹುಡುಕಿದರೆ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗಬೇಕು. ಅಲ್ಲಿನ ಕಾರ್ಖಾನೆಯೊಂದರಲ್ಲಿ ಅವರು ಡ್ರಾಫ್ಟ್ಸ್‌ಮನ್ ಆಗಿದ್ದರು. ಟೀ ಸ್ಕ್ವೇರು, ಸೆಟ್ ಸ್ಕ್ವೇರು, 2ಎಚ್ ಪೆನ್ಸಿಲ್ಲು, ಅಮೋನಿಯಾ ಪ್ರಿಂಟಿನ ಘಾಟು. ಮಿಷಿನ್ನಿನ ಬಿಡಿಭಾಗದ ಡ್ರಾಯಿಂಗಿನಲ್ಲಿ ಗೆರೆ ಕೂಡುವಂತಿಲ್ಲ. ಐಸೋಮೆಟ್ರಿಕ್ ಚಿತ್ರದಲ್ಲಿ ಅಡ್ಡ ಗೆರೆಗಳು ಮೂವತ್ತು ಡಿಗ್ರಿಗೆ ಎದ್ದು, ಸಮಾನಾಂತರವಾಗಿಯೇ ಸಾಯಬೇಕು. ಇಲ್ಲದಿದ್ದರೆ ಲೇತಿನವನು ಅಳತೆ ತಪ್ಪಿ ತುಂಡು ಕತ್ತರಿಸಿಬಿಡುತ್ತಾನೆ. ಹೀಗೆ ಕೆಲಸದ ಉದ್ದಕ್ಕೂ ಎರಡು ಗೆರೆ ಸೇರದಂತೆ ಕಾವಲು ಕಾದ ಮನುಷ್ಯ, ಪೆನ್ಷನ್ ಬಂದಮೇಲೆ ಪರ್ಸ್‌ಪೆಕ್ಟಿವ್ ಕಂಡುಕೊಂಡರು. ಹೊಸದಾಗಿ ದೀಕ್ಷೆ ಪಡೆದವರ ನೇಮನಿಷ್ಠೆ ಹಳಬರಿಗೆ ಎಲ್ಲಿಂದ ಬರಬೇಕು?

ಇಟಲಿಯ ಆಲ್ಬರ್ಟಿ 1435ರಲ್ಲೇ ಇದನ್ನೆಲ್ಲ ಪುಸ್ತಕ ಬರೆದಿಟ್ಟಿದ್ದಾನೆ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ, ಆಲ್ಬರ್ಟಿ ವಿಜಯನಗರದ ಕಡೆಯ ದೂರದ ಸಂಬಂಧಿ ಎನ್ನುವಷ್ಟು ಸಲಿಗೆಯಿಂದ. ಪಾರ್ಕಿಗೆ ವಾಕಿಂಗ್ ಬರುವ ಹಳೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ಕೆಣಕಿದರು: “ನಮ್ಮ ಮೈಸೂರು ಶೈಲಿಯವರು ನಿಮ್ಮ ಒಂದು ಚುಕ್ಕೆಗೆ ಕಟ್ಟುಬಿದ್ದವರಲ್ಲವಲ್ಲ, ಅವರ ಚಿತ್ರ ಕೆಟ್ಟಿತೇ?” ಸಾಹೇಬರು ತಡವರಿಸಲಿಲ್ಲ. “ಅವರು ಬರೆದದ್ದು ರಾಜರಿಗೆ ಮೇಷ್ಟ್ರೇ. ದೂರ ಇದೆ ಅಂತ ಸಿಂಹಾಸನಾನ ಚಿಕ್ಕದು ಮಾಡಿದ್ರೆ ಸಂಬಳ ಬರ್ತಿತ್ತಾ?”

ಇಷ್ಟಾದರೂ ಸಾಹೇಬರ ಸ್ವಂತ ಬಾಕ್ಸನ್ನು ಯಾರೂ ನೋಡಿರಲಿಲ್ಲ. ಲೋಯರ್ ಗ್ರೇಡ್ ಹುಡುಗಿ ಒಂದು ದಿನ, “ತಾತ, ನೀವೂ ಒಂದು ಬರೀರಿ” ಎಂದು ಕಾಗದ ಮುಂದಿಟ್ಟಳು. ಬರೆದರು. ಗೆರೆಗಳ ಮಾತು ಹೇಳಬೇಕಾದ್ದಿಲ್ಲ, ಹೇಗೂ ಡ್ರಾಫ್ಟ್ಸ್‌ಮನ್ ಕೈ. ಆದರೆ ಬಾಕ್ಸ್ ಹಿಂದಕ್ಕೆ ಹೋದಂತೆ ಹಿಗ್ಗಿದ ಹಾಗೆ ಕಾಣುತ್ತಿತ್ತು. ಹುಡುಗಿ ಅವರ ಜೇಬಿನಿಂದಲೇ ಕೆಂಪು ಪೆನ್ನು ತೆಗೆದು, ಸ್ಕೇಲ್ ಇಟ್ಟು ಎಳೆದಳು. ನಾಲ್ಕೂ ಗೆರೆ ಅಕ್ಕಪಕ್ಕದಲ್ಲೇ ಓಡಿದವು, ಎಲ್ಲೂ ಸೇರಲಿಲ್ಲ.

“ತಾತ, ಇವರು ನಾಲ್ವರೂ ಬೇರೆ ಬೇರೆ ಬಸ್ಸು.”

ಮಂಟಪ ಸ್ತಬ್ಧ. ಸಾಫ್ಟ್‌ವೇರ್ ಹುಡುಗ ಮಾತ್ರ “ನೋಟೆಡ್” ಎಂದ, ಅಭ್ಯಾಸಬಲ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಇದು ಐಸೋಮೆಟ್ರಿಕ್ ಕಣಮ್ಮ. ಬೇಕಂತಲೇ ಹಾಕಿದ್ದು” ಎಂದರು. ಬ್ಯಾಂಕ್ ಮೇಡಂ ತಕ್ಷಣ ಹೇಳಿದರು: “ಪೇಪರ್ ತುಂಬಾ ಚೆನ್ನಾಗಿದೆ ಸಾರ್.”

ಹೀಗಿದ್ದೂ ನನ್ನ ಓಟು ವಿ.ಪಿ.ಯವರಿಗೇ. ಸೂಪರ್ ಎಂದವರ ಮಾತಿನಿಂದ ಆ ಮಂಟಪದಲ್ಲಿ ಒಂದು ಗೆರೆಯೂ ದಾರಿಗೆ ಬಂದಿಲ್ಲ, ಕೆಂಪು ಪೆನ್ನಿನಿಂದ ಬ್ಯಾಂಕ್ ಮೇಡಂ ಅವರ ಡಬ್ಬಕ್ಕೆ ಮುಚ್ಚಳ ಕೂರುತ್ತಿದೆ. ನಿಮಗೂ ಆಸೆಯಿದ್ದರೆ ಭಾನುವಾರ ಬನ್ನಿ, ಲಾಫಿಂಗ್ ಕ್ಲಬ್ಬಿನವರು ಎದ್ದ ಮೇಲೆ. ಪೆನ್ಸಿಲ್ ತನ್ನಿ, ರಬ್ಬರ್ ಬೇಡ, ಅಳಿಸಿದರೆ ಸಾಹೇಬರಿಗೆ ಕೋಪ ಬರುತ್ತದೆ. ಚಿತ್ರ ತೋರಿಸಿ ‘ಹೇಗಿದೆ?’ ಎನ್ನಬೇಡಿ, ‘ಎಲ್ಲಿ ತಪ್ಪಿದೆ?’ ಎಂದು ಕೇಳಿ. ಪೇಪರ್ ಸ್ವಲ್ಪ ಒಳ್ಳೆಯದನ್ನೇ ತೆಗೆದುಕೊಂಡಿರಿ.