ದೊಡ್ಡಸ್ವಾಮಿಯವರ ಲೆಕ್ಕ ಯಾರಿಗೂ ಬೇಡ

ವಿದೇಶಿ ಪಾದ್ರಿ ಎಂದೊಡನೆ ಈ ರಾಜ್ಯದ ಅರ್ಧ ಜನಕ್ಕೆ ಮೈ ಉರಿಯುತ್ತದೆ. ಇನ್ನರ್ಧಕ್ಕೆ ಕಣ್ಣು ತುಂಬಿ ಬರುತ್ತದೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಾರಿ ಒಗ್ಗಟ್ಟು: ಯಾರೂ ಏನೂ ಓದಿಲ್ಲ.

ಓದದವರಿಗಾಗಿ ಹೇಳುತ್ತೇನೆ. ಬೆಂಗಳೂರಿನ ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಮಗ್ಗುಲಲ್ಲಿರುವ ಸಂತ ಮೇರಿ ಬೆಸಿಲಿಕಾದ ಜಾಗದಲ್ಲಿ 1818ರಲ್ಲಿ ಒಂದು ಪುಟ್ಟ ಪ್ರಾರ್ಥನಾಲಯ ಎದ್ದಿತು. ಆಗ ಈ ಸ್ಥಳದ ಹೆಸರು ಬ್ಲಾಕ್‌ಪಳ್ಳಿ. ಮಾರುಕಟ್ಟೆ ಹುಟ್ಟಲು ಇನ್ನೂ ನೂರು ವರ್ಷ ಬಾಕಿ. ಕಟ್ಟಿಸಿದವನು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ.

1792ರಲ್ಲಿ ಈ ದೇಶಕ್ಕೆ ಬಂದ. ಮಾಂಸ ಬಿಟ್ಟ. ರುಮಾಲು ಸುತ್ತಿದ, ಗಡ್ಡ ಬೆಳೆಸಿದ, ಬಿದಿರು ಕೋಲು ಹಿಡಿದು ಊರೂರು ತಿರುಗಿದ. ಜನ ‘ದೊಡ್ಡಸ್ವಾಮಿಯವರು’ ಎಂದು ಕೈ ಮುಗಿದರು. (ಈಗಿನ ಸ್ವಾಮಿಗಳಲ್ಲಿ ಕೋಲು ಹಿಡಿದು ನಡೆಯುವವರು ಎಷ್ಟು, ಕಾರು ಹತ್ತುವವರು ಎಷ್ಟು ಎಂದು ನಾನು ಕೇಳುವುದಿಲ್ಲ.)

ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋದ ಕ್ರೈಸ್ತರನ್ನು ಕೂಡಿಸಿದ. ಹಾಸನದ ಕಡೆ ಗತಿಯಿಲ್ಲದವರಿಗೆ ಬೇಸಾಯದ ಊರು ಮಾಡಿಕೊಟ್ಟ. ಸಿಡುಬಿಗೆ ದಾಕು ಹಾಕಿಸಿದ. 1803-04ರಲ್ಲಿ ಹಾಕಿಸಿಕೊಂಡವರು 25,432 ಮಂದಿ. ಹಸುವಿನ ಸಿಡುಬಿನ ರಸ ಅದು. ಜನ ಸುಮ್ಮನೆ ತೋಳು ಕೊಟ್ಟರು. ವಾಟ್ಸಾಪ್ ಇರಲಿಲ್ಲವಲ್ಲ.

ಈಗ ಇನ್ನೊಂದು ಅಂಕಿ. ಕಾಲು ಶತಮಾನ ದುಡಿದು ಆತ ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ ಆತನೇ ಬರೆದುಕೊಂಡ ಲೆಕ್ಕ. ಅವರಲ್ಲೂ ಮನಸಾರೆ ನಂಬಿ ಬಂದವರು ಒಬ್ಬರೂ ನೆನಪಿಗೆ ಬರುತ್ತಿಲ್ಲ ಎಂಬ ಕೊರಗು ಬೇರೆ. ಹಿಂದೂಗಳನ್ನು ಮತಾಂತರಿಸುವುದು ಆಗದ ಹೋಗದ ಕೆಲಸ ಎಂದು ಷರಾ ಬರೆದ. ಅದೇ ವರ್ಷ ಹಡಗು ಹತ್ತಿದ.

ಈ ಆಗದ ಹೋಗದ ಕೆಲಸಕ್ಕೆ ಹೆದರಿ ನಾವು ಮತಾಂತರ ತಡೆಯುವ ಕಾಯ್ದೆ ಮಾಡಿದೆವು. ಇನ್ನೂರು ವರ್ಷ ತಡವಾಗಿ.

2021ರ ಡಿಸೆಂಬರಿನಲ್ಲಿ ವಿಧಾನಸಭೆ, 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಪರಿಷತ್ತು. ಎಂಥ ಅವಸರ! ದೇವರನ್ನು ಬದಲಿಸಬೇಕೆಂದರೆ ಮೂವತ್ತು ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಪಕ್ಷ ಬದಲಿಸುವವರಿಗೆ ಈ ಕಷ್ಟವಿಲ್ಲ. ರೆಸಾರ್ಟಿನಿಂದಲೇ ಆಗುತ್ತದೆ.

ಆಮಿಷಗಳ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಯ ಶಾಲೆ ಕೊಡುವ ಉಚಿತ ಶಿಕ್ಷಣವೂ ಇದೆ. ಪುಕ್ಕಟೆ ಕಲಿಸಿದರೆ ಆಮಿಷ. ಲಕ್ಷ ಲಕ್ಷ ಕಿತ್ತುಕೊಂಡು ಕಲಿಸಿದರೆ ಶುದ್ಧ ವಿದ್ಯಾದಾನ. ಹಾಗಾಗಿ ನಮ್ಮ ದೊಡ್ಡ ಕಾನ್ವೆಂಟುಗಳು ಈ ಕಾಯ್ದೆಗೆ ಹೆದರಬೇಕಿಲ್ಲ. ಮಸೂದೆಗೆ ಕೈ ಎತ್ತಿದ ಮಹನೀಯರೂ ಹೆದರುವುದಿಲ್ಲ. ಮೊಮ್ಮಗಳ ಎಲ್‌ಕೆಜಿ ಸೀಟಿಗೆ ಫಾದರ್‌ಗೆ ಫೋನು ಮಾಡಿಸುವವರು ಅವರೇ.

2023ರ ಜೂನ್‌ನಲ್ಲಿ ಹೊಸ ಸಂಪುಟ ಕಾಯ್ದೆ ರದ್ದು ಮಾಡಲು ತೀರ್ಮಾನಿಸಿತು. ತೀರ್ಮಾನಕ್ಕೆ ಖರ್ಚಿಲ್ಲ.

ಪಾದ್ರಿಭಕ್ತರೇ, ನೀವು ನಗಬೇಡಿ. ನಿಮ್ಮ ಸರದಿ ಈಗ.

ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ದುಬ್ವಾ ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ಪಗೋಡಕ್ಕೆ ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ನಮ್ಮನ್ನು ಆಳಲು ಬಂದ ದೊರೆಗಳಿಗೆ ಅದೇ ಕೈಪಿಡಿ. 1987ರಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ಗುಟ್ಟು ರಟ್ಟು ಮಾಡಿದರು. ಅದರಲ್ಲಿ ಬಹುಪಾಲು ಹಿಂದಿನ ತಲೆಮಾರಿನ ಜೆಸ್ವಿಟ್ ಪಾದ್ರಿ ಕೂರ್ದೂ ಬರೆದಿಟ್ಟಿದ್ದರ ನಕಲು. ಕದಿಯಬಾರದು ಎಂಬುದು ಹತ್ತು ಕಟ್ಟಳೆಗಳಲ್ಲಿ ಒಂದು. ಪಾದ್ರಿಗೆ ಗೊತ್ತಿರಲೇಬೇಕು. ಕಂಪನಿ ತಲೆ ಕೆಡಿಸಿಕೊಳ್ಳಲಿಲ್ಲ. ದೇಶವನ್ನೇ ಕದಿಯುತ್ತಿದ್ದವರಿಗೆ ಪುಸ್ತಕ ಯಾವ ಲೆಕ್ಕ? ಪಿಂಚಣಿಯನ್ನೂ ಕೊಟ್ಟು ಕಳಿಸಿತು.

ಇನ್ನೂ ಇದೆ. ದೇವರ ಮುಂದೆ ಎಲ್ಲರೂ ಸಮ ಎಂದು ಸಾರಲು ಬಂದವನು ಆ ಪುಸ್ತಕದಲ್ಲಿ ಜಾತಿಪದ್ಧತಿಯನ್ನು ಬಾಯ್ತುಂಬ ಹೊಗಳಿದ. ಅದಿಲ್ಲದಿದ್ದರೆ ಈ ದೇಶ ಕಾಡುಪಾಲಾಗುತ್ತಿತ್ತಂತೆ. ಇಷ್ಟು ಚೆನ್ನಾಗಿ ನಮ್ಮವನಾದವನನ್ನು ನಾವು ಹೊರಗಿನವನು ಎನ್ನುತ್ತೇವೆ! ಕೃತಘ್ನರು.

ಸೆಪ್ಟೆಂಬರಿನಲ್ಲಿ ಶಿವಾಜಿನಗರಕ್ಕೆ ಹೋಗಿ ನೋಡಿ. ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ. ಸೆಪ್ಟೆಂಬರ್ 8ಕ್ಕೆ ತೇರು. ಮೇರಿಮಾತೆಗೆ ಸೀರೆ. ಹರಕೆ ಹೊತ್ತ ಹೆಂಗಸರಿಗೆ ಕಾವಿ ಸೀರೆ. ಮೇಣದ ಬತ್ತಿ ಹಿಡಿದ ಸಾಲಿನಲ್ಲಿ ಕುಂಕುಮವೂ ಉಂಟು, ಬುರ್ಖಾವೂ ಉಂಟು. ಅವರೆಲ್ಲ ಹಬ್ಬ ಮುಗಿಸಿ ತಮ್ಮ ತಮ್ಮ ದೇವರ ಮನೆಗೇ ಹಿಂತಿರುಗುತ್ತಾರೆ. ಸೀರೆ ಉಟ್ಟು ತೇರು ಹತ್ತಿದವಳು ಮಾತ್ರ ನಜರೇತಿನ ಆ ತಾಯಿ. ಯಾರು ಯಾರನ್ನು ಮತಾಂತರಿಸಿದರು?

2025ರ ಹಬ್ಬಕ್ಕೆ ಮುಖ್ಯಮಂತ್ರಿಗಳು ಬಂದರು. ಬರಿಗೈಯಲ್ಲಿ ಬರಬಾರದಲ್ಲ. ಶಿವಾಜಿನಗರ ಮೆಟ್ರೋ ನಿಲ್ದಾಣಕ್ಕೆ ಸಂತ ಮೇರಿಯ ಹೆಸರಿಡಲು ಶಿಫಾರಸು ಮಾಡುತ್ತೇನೆ ಎಂದರು. ಅಷ್ಟೇ ಸಾಕಾಯಿತು. ಶಿವಾಜಿಗೆ ಅವಮಾನ ಎಂದು ವಿರೋಧ ಪಕ್ಷ ಎದ್ದಿತು. ಮುಂಬೈಯಿಂದ ದೇವೇಂದ್ರ ಫಡ್ನವೀಸ್ ಕೂಡ ಗುಡುಗಿದರು. ಶಂಕರನಾಗ್ ಹೆಸರಿಡಿ ಎಂದು ಇನ್ನೊಂದು ಗುಂಪು. ಇಷ್ಟೆಲ್ಲ ಕೂಗಾಟ ನಡೆಯುವಾಗ ಆ ನಿಲ್ದಾಣಕ್ಕೆ ಒಂದು ರೈಲೂ ಬಂದಿರಲಿಲ್ಲ.

2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ಮಳಿಗೆಗಳು ಸುಟ್ಟವು. ಆಗ ಯಾರಿಗೆ ಅವಮಾನವಾಯಿತೆಂದು ಯಾರು ಗುಡುಗಿದರೋ, ನನಗೆ ಕೇಳಿಸಲಿಲ್ಲ.

ಅಂದಹಾಗೆ, ಈ ಮಾರುಕಟ್ಟೆಗಿರುವುದು ಬ್ರಿಟಿಷ್ ಕಾಲದ ಮುನಿಸಿಪಲ್ ಕಮಿಷನರ್ ರಸೆಲ್ ಹೆಸರು. 1933ರಲ್ಲಿ ಉದ್ಘಾಟಿಸಿದವರು ಇಸ್ಮಾಯಿಲ್ ಸೇಠ್. ಗಲಾಟೆಗೆ ಬೇಕಾದ ಸರಕೆಲ್ಲ ಇಲ್ಲೇ ಬಿದ್ದಿದೆ. ಆದರೂ ಈ ಬೋರ್ಡಿನ ಮೇಲೆ ಇನ್ನೂ ಯಾರ ಕಣ್ಣೂ ಬಿದ್ದಿಲ್ಲ. ರಸೆಲ್ ಯಾರೆಂದು ಗೊತ್ತಿದ್ದರೆ ತಾನೆ? ದಯವಿಟ್ಟು ನೀವೂ ಯಾರಿಗೂ ಹೇಳಬೇಡಿ. ಒಳಗಡೆ ಜನ ಮೀನು ಮಾರಿಕೊಂಡಿದ್ದಾರೆ, ಮಾರಿಕೊಳ್ಳಲಿ.